ಹೊಗೆಯ ಬಣ್ಣ ಹೇಳುತ್ತಿದ್ದವಳು

ಲಾರಿಯ ಹಿಂದೆ ನಿಂತು ಹೊಗೆಯ ಬಣ್ಣ ಕೂಗಿ ಹೇಳುವುದು ಒಂದು ಚಳಿಗಾಲವಿಡೀ ನನ್ನ ಕೆಲಸವಾಗಿತ್ತು. ರಾಮಮೂರ್ತಿ ನಗರದ ನಮ್ಮ ಬಾಡಿಗೆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಲಾರಿ ನಿಲ್ಲುತ್ತಿತ್ತು. ಬೆಳಿಗ್ಗೆ ನನ್ನ ಗಂಡ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿ, "ಯಾವ್ ಬಣ್ಣ ಕಣೇ?" ಎನ್ನುವರು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಬಿಳೀದು ರೀ" ಎನ್ನುವೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದವರು ಹಾಡು ಬರುತ್ತದಾ, ರಂಗೋಲಿ ಬರುತ್ತದಾ ಎಂದೆಲ್ಲ ವಿಚಾರಿಸಿದ್ದರು. ಹೊಗೆ ನೋಡಲು ಬರುತ್ತದಾ ಎಂದು ಒಬ್ಬರೂ ಕೇಳಿರಲಿಲ್ಲ.

ಆ ಲಾರಿ ನಮಗೆ ಯಾಕೆ ಬೇಕಿತ್ತೆಂದು ಮೊದಲೇ ಹೇಳಿಬಿಡುತ್ತೇನೆ. ಅದಕ್ಕೂ ಮುಂಚೆ ಅವರು ಬೇರೆಯವರ ಲಾರಿಯಲ್ಲಿ ಲೈನಿಗೆ ಹೋಗುತ್ತಿದ್ದರು. ಲೈನು ಅಂದರೆ ದೂರದ ಓಟ; ಒಂದು ಊರಲ್ಲಿ ಲೋಡು ಇಳಿಸಿ, ಅಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು ಇನ್ನೊಂದು ಊರಿಗೆ, ಹಗಲು ರಾತ್ರಿಯ ಲೆಕ್ಕವಿಲ್ಲದೆ. ಮನೆಗೆ ಬಂದರೆ ನೆಂಟರ ಹಾಗೆ. ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು, ಒಮ್ಮೆ ಅವರು ಬಾಗಿಲಲ್ಲಿ ನಿಂತಿದ್ದನ್ನು ಕಂಡು ಹೆದರಿ ನನ್ನ ಹಿಂದೆ ಅವಿತುಕೊಂಡಳು. ಆವತ್ತು ಅವರು ಊಟ ಮಾಡಲಿಲ್ಲ. ಆಮೇಲೆ ಹೇಗೋ ಒದ್ದಾಡಿ ಹಳೇ ಲಾರಿಯೊಂದನ್ನು ನಮ್ಮದು ಮಾಡಿಕೊಂಡೆವು. ಕೆ.ಆರ್. ಪುರದ ಆಚೆಯ ಗೂಡುಗಳಿಂದ ಇಟ್ಟಿಗೆ ತುಂಬಿ, ಸಿ.ವಿ. ರಾಮನ್ ನಗರದಲ್ಲಿ ಏಳುತ್ತಿದ್ದ ಮನೆಗಳ ಮುಂದೆ ಇಳಿಸುವುದು, ಸಂಜೆಗೆ ಮನೆ. ಮಗಳು ಅವರ ತೋಳಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುವಳು. ನನಗೆ ಬೇಕಿದ್ದದ್ದು ಅದು. ಮಿಕ್ಕ ಆಸೆಗಳು ಇರಲಿಲ್ಲವೆಂದಲ್ಲ, ಅವು ಕಾಯಬಹುದಿತ್ತು.

ಒಂದು ಮಧ್ಯಾಹ್ನ ಹಳೇ ಮದ್ರಾಸ್ ರಸ್ತೆಯಲ್ಲಿ ಇಂಜಿನ್ ಜಾಮ್ ಆಯಿತು. ಒಳಗಿನ ರಾಡು ಮುರಿದು ಬ್ಲಾಕನ್ನೇ ತೂತು ಮಾಡಿಕೊಂಡು ಆಚೆ ಬಂದಿತ್ತು. ಹೊಸ ಇಂಜಿನ್ ಹಾಕಿಸುವುದು ನಮ್ಮಂಥವರ ಮಾತಲ್ಲ. ಶಿವಾಜಿನಗರದ ಗುಜರಿಯಲ್ಲಿ, ಬಿಚ್ಚಿದ ಲಾರಿಗಳಿಂದ ಇಳಿಸಿದ ಇಂಜಿನ್ ಸಿಗುತ್ತದೆಂದು ಒಂದು ಶುಕ್ರವಾರ ಇಬ್ಬರೂ ಬಸ್ಸು ಹತ್ತಿದೆವು. ಹಲಸೂರಿನ ಹತ್ತಿರ ಬಸ್ಸು ನಿಂತೂ ನಿಂತೂ, ನಾವು ಅಂಗಡಿ ಮುಟ್ಟುವಾಗ ರಾಹುಕಾಲ ಶುರುವಾಗಿಬಿಟ್ಟಿತ್ತು. ನಮ್ಮವರು ರಾಹುಕಾಲದಲ್ಲಿ ಬೀಗದ ಕೈಯನ್ನೂ ತಿರುಗಿಸುವವರಲ್ಲ.

"ಈ ಹೊತ್ನಲ್ಲಿ ಸ್ಟಾರ್ಟ್ ಮಾಡೋದ್ ಬೇಡ. ಮುಗೀಲಿ" ಎಂದರು.

ಅಂಗಡಿಯವನು ಬಲು ಮರ್ಯಾದಸ್ಥ. "ಅದಕ್ಕೇನಣ್ಣಾ, ಅಕ್ಕನ್ನ ಕರ್ಕೊಂಡ್ ಹೋಗಿ ಟೀ ಕುಡ್ಕೊಂಡ್ ಬನ್ನಿ. ನಿಮ್ ಟೈಮಿಗೆ ರೆಡಿ ಮಾಡಿಟ್ಟಿರ್ತೀನಿ" ಎಂದ.

ನಾವು ಹೋಗಿ ಟೀ ಕುಡಿದು, ನಿಂಬೆಹಣ್ಣು ಕರ್ಪೂರ ಕೊಂಡು, ರಾಹುಕಾಲ ಕಳೆದ ಮೇಲೆ ವಾಪಸು ಬಂದೆವು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಂಜಿನ್ ಒರೆಸಿ ಇಟ್ಟಿದ್ದ. ಪೂಜೆ ಮಾಡಿ ಬಟನ್ ಒತ್ತಿದರೆ ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ಹೊಗೆ ಎಳ್ಳಷ್ಟೂ ಇಲ್ಲ. ನಮ್ಮವರು ಬಿಳಿ ಕರ್ಚೀಫನ್ನು ಪೈಪಿನ ಬಾಯಿಗೆ ಹಿಡಿದು ನೋಡಿದರು, ಒಂದು ಎಣ್ಣೆಯ ಚುಕ್ಕೆಯೂ ಕೂರಲಿಲ್ಲ.

"ಆಗ್ಲೇ ಬಿಸಿ ಇದ್ಯಲ್ಲ" ಎಂದೆ ನಾನು.

"ನಿಮಗೋಸ್ಕರಾನೇ ಅಷ್ಟೊತ್ತಿಂದ ಓಡ್ಸಿಟ್ಟಿದ್ದೀನಿ ಅಕ್ಕಾ."

ಎಂಥ ಒಳ್ಳೆಯ ಮನುಷ್ಯ ಎಂದುಕೊಂಡೆವು. ತಣ್ಣಗಿನ ಇಂಜಿನ್ ತನ್ನ ರೋಗವನ್ನೆಲ್ಲ ಹೇಳಿಕೊಳ್ಳುತ್ತದೆ, ಕಾದ ಮೇಲೆ ಒಳಗಿನ ಸಂದುಗಳು ಮುಚ್ಚಿಕೊಂಡು ಎಷ್ಟೋ ರೋಗ ಅಡಗಿಬಿಡುತ್ತದೆ. ಇದು ಸ್ಟೇರಿಂಗ್ ಹಿಡಿದವರಿಗೆಲ್ಲ ಗೊತ್ತಿರುವ ವಿಷಯ, ನಮ್ಮವರಿಗೂ ಗೊತ್ತಿತ್ತು. ಆದರೆ ಅದನ್ನು ಕಾಯಿಸಲು ಹೊತ್ತು ಕೊಟ್ಟವರು ನಾವೇ. ಅವನು ಬೇಕೆಂತಲೇ ಮಾಡಿದನೋ, ನಮ್ಮ ನಂಬಿಕೆಗೆ ಬೆಲೆ ಕೊಟ್ಟು ಮಾಡಿದನೋ, ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಬೈಯಲಿಕ್ಕಾದರೂ ಒಬ್ಬ ಸಿಗುತ್ತಿದ್ದ.

ಇಂಜಿನ್ ಕೂರಿಸಿದ ಮರುದಿನವೇ ಸೈಟು ಪೂರ್ತಿ ಹೊಗೆಯಿಂದ ಬೆಳ್ಳಗಾಯಿತು. ಕೆ.ಆರ್. ಪುರದಲ್ಲಿ ಶೆಡ್ ಇಟ್ಟಿದ್ದ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದೆವು. ಅವರು ನನ್ನನ್ನೇ ಕೇಳಿದರು: "ಕಣ್ ಉರಿಯುತ್ತಾಮ್ಮಾ?"

"ಉರಿಯುತ್ತೆ. ಸೀಮೆಎಣ್ಣೆ ಸ್ಟೌ ಆರಿಸಿದಾಗ ಬರುತ್ತಲ್ಲ, ಹಂಗೆ ವಾಸ್ನೆ."

"ಹಂಗಾರೆ ಒಳಗೆ ನೀರ್ ಸೇರಿಲ್ಲ, ಉರೀದೇ ಇರೋ ಡೀಸೆಲ್ಲು ಅಷ್ಟೇ. ಬದುಕ್ಕೊಂಡ್ರಿ."

ಡೀಸೆಲ್ ಚಿಮ್ಮಿಸುವ ನಾಜಲ್ಲುಗಳನ್ನು ಬಿಚ್ಚಿ ಬದಲಾಯಿಸಿದರು. ಬಿಳಿ ತೆಳ್ಳಗಾಯಿತು. ಆಗ ಅದರಡಿ ಇದ್ದ ನೀಲಿ ಕಂಡಿತು. ನಾನು "ನೀಲಿ ರೀ" ಎಂದಾಗ ಅವರು ಇಂಜಿನ್ ಆಫ್ ಮಾಡಿಬಿಟ್ಟರು. ನೀಲಿಯೆಂದರೆ ಇಂಜಿನ್ ತನ್ನ ಆಯಿಲನ್ನು ತಾನೇ ಸುಡುತ್ತಿದೆ ಎಂದು. ಆದರೂ ಮೇಸ್ತ್ರಿ ಒಂದು ದಾರಿ ಬಿಟ್ಟಿದ್ದರು. ಇಳಿಜಾರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಮತ್ತೆ ಒತ್ತಿದಾಗ ಮಾತ್ರ ನೀಲಿ ಬಂದರೆ ಮೇಲಿನ ವಾಲ್ವಿನ ಸೀಲುಗಳು, ಚಿಕ್ಕ ಕೆಲಸ. ಲೋಡಿನಲ್ಲಿ ಏರು ಹತ್ತುವಾಗಲೂ ಬಂದರೆ ಕೆಳಗಿನ ರೋಗ, ದೊಡ್ಡ ಕೆಲಸ.

ಅದನ್ನು ನೋಡಲಿಕ್ಕೆ ಇಟ್ಟಿಗೆ ತುಂಬಿದ ಲಾರಿಯ ಹಿಂಭಾಗದಲ್ಲಿ ನಾನೇ ಹತ್ತಿ ಕೂತೆ. ಕೆ.ಆರ್. ಪುರದ ರೈಲ್ವೆ ಸೇತುವೆಯ ಏರು ಬಂತು. ಇಂಥ ದೇವರಿಗೆ ಎಂದಿಲ್ಲ, ನೆನಪಾದವರಿಗೆಲ್ಲ ಹರಕೆ ಹೊತ್ತೆ. ಹೊಗೆ ನೀಲಿ ನೀಲಿಯಾಗಿ ದಪ್ಪಗೆ ಬಂದು ಹಿಂದಿನ ಬಸ್ಸನ್ನೇ ಮುಚ್ಚಿತು. ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಊರೋರ್ನೆಲ್ಲ ಸಾಯ್ಸಕ್ಕೆ ಹೊರಟಿದ್ದೀರಾ?" ಎಂದು ಬೈದ. "ನೀನ್ ಒಬ್ನೇ ಕಮ್ಮಿಯಾಗಿದ್ದೆ ನೋಡು, ಬಾ" ಎಂದು ನಾನೂ ಬೈದೆ. ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಆವತ್ತು ನನ್ನ ದವಡೆಯ ಬಗ್ಗೆ ನನಗೆ ಯೋಚನೆಯಿರಲಿಲ್ಲ.

ಶೆಡ್ಡಿನಲ್ಲಿ ಮೇಸ್ತ್ರಿ, ಓಡುತ್ತಿದ್ದ ಇಂಜಿನ್ನಿನ ಆಯಿಲ್ ಮುಚ್ಚಳ ತೆಗೆದರು. ಇಡ್ಲಿ ಪಾತ್ರೆಯ ಹಾಗೆ ಅಲ್ಲಿಂದ ಬುಸುಬುಸು ಹೊಗೆ ಎದ್ದಿತು. ಪಿಸ್ಟನ್ನಿನ ಮೇಲೇ ಇರಬೇಕಾದ ಉರಿಗಾಳಿ ಅದರ ರಿಂಗುಗಳನ್ನು ದಾಟಿ ಕೆಳಕ್ಕೆ ಸೋರುತ್ತಿತ್ತು. ನಮ್ಮವರು ಆಗಲೂ, "ರಿಂಗು, ಲೈನರ್ರು ಹಾಕಿದ್ರೆ ಆಯ್ತಲ್ಲ ಮೇಸ್ತ್ರಿ" ಎಂದರು. ಲೈನರ್ ಅಂದರೆ ಪಿಸ್ಟನ್ ಓಡಾಡುವ ಕೊಳವೆ, ಸವೆದರೆ ಬದಲಾಯಿಸಬಹುದು. ಬಿಚ್ಚಿ ನೋಡಲೇಬೇಕಾಯಿತು. ಬಿಚ್ಚಿ, ತೊಳೆದು, ಮೇಸ್ತ್ರಿ ಟಾರ್ಚು ಬಿಟ್ಟು ಒಳಗೆ ಬೆರಳಾಡಿಸಿ, ನಮ್ಮವರ ಬೆರಳನ್ನೂ ಹಿಡಿದು ಅದೇ ಜಾಗದ ಮೇಲೆ ಇಟ್ಟರು.

"ಲೈನರ್ ಕೂರೋ ಗೋಡೆನೇ ಸೀಳಿದೆ ತಂಬಿ. ಹಳೇ ಸೀಳು. ಹೊಸ ಲೈನರ್ ಯಾವುದರ ಮೇಲೆ ನಿಲ್ಲುತ್ತೆ?"

"ವೆಲ್ಡಿಂಗು?"

"ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡ."

ನಮ್ಮವರು ಬೆರಳು ತೆಗೆಯಲಿಲ್ಲ. ಅಲ್ಲೇ ಇಟ್ಟುಕೊಂಡು, ಮಗಳ ಜ್ವರ ನೋಡುವಾಗ ಹಣೆ ಮುಟ್ಟುತ್ತಾರಲ್ಲ, ಹಾಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ನನಗೆ ಅಳು ಬರಲಿಲ್ಲ, ಕೋಪ ಬಂತು. ಶಿವಾಜಿನಗರದವನ ಮೇಲೆ, ರಾಹುವಿನ ಮೇಲೆ, ತಡ ಮಾಡಿದ ಬಸ್ಸಿನ ಮೇಲೆ, ಎಲ್ಲರ ಮೇಲೂ ಬಂತು. ಯಾರಿಗೂ ಅದರಿಂದ ಏನೂ ಆಗಲಿಲ್ಲ. ಇನ್ನೊಂದು ಇಂಜಿನ್ನಿಗೆ ನಮ್ಮಲ್ಲಿ ತ್ರಾಣವಿರಲಿಲ್ಲ. ಲಾರಿ ಶೆಡ್ಡಿನಿಂದಲೇ ತುಂಡು ತುಂಡಾಗಿ ಗುಜರಿಗೆ ಹೋಯಿತು. ಹಳೇ ಮಾಲೀಕರ ಬಳಿಗೆ ಹೋಗಿ ಬಂದ ನಮ್ಮವರು, "ಲೈನಿಗೆ ಬಾ ಅಂದ್ರು" ಎಂದಷ್ಟೇ ಹೇಳಿ ಮಗಳಿಗೆ ತಲೆ ಬಾಚಲು ಕೂತರು. ಬೈತಲೆ ಓರೆಯಾಯಿತು. ಅವಳು ಹಾಗೇ ಸ್ಕೂಲಿಗೆ ಹೋದಳು.

ಅವರು ಲೈನಿಗೆ ಹೋದ ಮೇಲೆ ಬಹಳ ದಿನ ಸುದ್ದಿಯಿರಲಿಲ್ಲ. ಒಂದು ದಿನ ಎದುರು ಮನೆಯ ಫೋನಿಗೆ ಕರೆ ಬಂತು. ನಾನು ಓಡಿ ಹೋಗಿ ಎತ್ತಿಕೊಂಡೆ.

"ಹೊಸಾ ಗಾಡಿ ಕಣೇ" ಎಂದರು. ಧ್ವನಿಯಲ್ಲಿ ಗೆಲುವಿತ್ತು. "ಎಂಥಾ ಇಂಜಿನ್ ಅಂತೀಯಾ. ಘಾಟಿ ಹತ್ತಿದ್ರೂ ಒಂಚೂರು ಹೊಗೆ ಇಲ್ಲ."

ಆ ಗೆಲುವು ಕೇಳಿ ನನ್ನ ಹೊಟ್ಟೆ ಉರಿಯಿತು. ಅವರು ನಕ್ಕು ತಿಂಗಳುಗಳಾಗಿದ್ದವೆಂದು ಬೈಯಲೂ ಬಾಯಿ ಬರಲಿಲ್ಲ. "ಯಾವಾಗ ಬರ್ತೀರಾ?" ಎಂದೆ.

"ಲೋಡ್ ಸಿಗ್ಬೇಕಲ್ಲ" ಎಂದರು. ಆ ಕಡೆ ಲಾರಿಗಳು ಹೋಗುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಮೆಲ್ಲಗೆ, ಯಾರನ್ನೋ ಎಬ್ಬಿಸಬಾರದೆನ್ನುವ ಹಾಗೆ, "ಮಗು ಮಲಗ್ಬಿಟ್ಟಿದ್ಯಾ?" ಎಂದು ಕೇಳಿದರು.

ಆಗ ಬಿಸಿಲು ನೆತ್ತಿಗೆ ಬಂದಿತ್ತು. ಮಗಳು ಸ್ಕೂಲಿನಲ್ಲಿದ್ದಳು.

"ಹೂಂ, ಮಲಗಿದ್ದಾಳೆ" ಎಂದೆ.