ಅಕ್ಕನ ಬೇಸ್ ಗಿಟಾರ್

ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ತಾನು ಮೆಚ್ಚಿದ ವಾದಕನ ಬೇಸ್ ಗಿಟಾರ್‌ನಂಥದ್ದನ್ನೇ ಮಾಡಿಕೊಳ್ಳುವ ಹಟ ಹಿಡಿದು, ಅದರ ಫೋಟೊ ಎದುರಿಗಿಟ್ಟುಕೊಂಡು ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿದಳು. ಯಾವುದಾದರೂ ಕೂಡದಿದ್ದರೆ ಹುಬ್ಬು ತಿದ್ದುವಷ್ಟು ನಿಧಾನವಾಗಿ ಅರದಿಂದ ಉಜ್ಜುತ್ತ, "ಕೂಡತೈತಿ ತಗೋ" ಎನ್ನುತ್ತಿದ್ದಳು. ಫೋಟೊದಲ್ಲಿದ್ದ ಗಿಟಾರಿನ ಕಡುಗೆಂಪು ಬಣ್ಣ ಎಲ್ಲೂ ಸಿಗದಾಗ ಪಾರ್ಲರಿನ ನೇಲ್ ಪಾಲಿಶ್‌ಗಳನ್ನೇ ಬೆರೆಸಿ ಬಳಿದಳು.

"ಫೋಟೊದಾಗ ತೋಳು ಊರೋ ಕಡೆ ಬಣ್ಣ ಹೋಗೇತಲ್ಲಕ್ಕಾ, ಅಲ್ಲಿ ಈಟು ತಿಕ್ಕಿಬಿಡು" ಎಂದೆ.

ಅಕ್ಕ ಅರವನ್ನು ಕೆಳಗಿಟ್ಟಳು. "ಅದು ಅವರು ಬಾರಿಸಿ ಬಾರಿಸಿ ಸವಸಿದ್ದು. ನಂದು ನಾನ ಸವಸ್ತೀನಿ."

ಮೊನ್ನೆ ಊರಿಗೆ ಹೋದಾಗ ನೋಡಿದೆ. ಅಕ್ಕನ ಗಿಟಾರಿನಲ್ಲೂ ಬಣ್ಣ ಹೋಗಿದೆ. ಫೋಟೊದಲ್ಲಿದ್ದ ಜಾಗದಲ್ಲಲ್ಲ, ನಾಲ್ಕು ಬೆರಳು ಈಚೆಗೆ. ಅಕ್ಕನ ತೋಳು ಗಿಡ್ಡ.