ಮುಂದೆ ನಡೆಯುತ್ತಿದ್ದ ಮೇಷ್ಟ್ರು

ಮೇಷ್ಟ್ರಿಗೆ ಆಗಿದ್ದು ಗ್ಯಾಸ್ ಅಲ್ಲ. ಎದೆ ಕೈಕೊಟ್ಟಿತ್ತು, ಅದು ಅವರಿಗೂ ಗೊತ್ತಿತ್ತು. ನಮ್ಮೆದುರು ಹುಷಾರಿಲ್ಲ ಅಂತ ಹೇಳಿಕೊಳ್ಳಲು ಆಗಲಿಲ್ಲ, ಅಷ್ಟೆ. ಊರವರು ಹಣೆಬರಹ ಅಂದರು. ನಾನು ಅನ್ನುವುದಿಲ್ಲ.

ಮೊನ್ನೆ ಮೊಮ್ಮಗಳ ಹೊಟ್ಟೆನೋವಿಗೆಂದು ಸೊಸೆ ಬಾಣಲೆಯಲ್ಲಿ ಓಮ ಹುರಿದಳು. ಆ ಘಾಟು ನಡುಮನೆಗೆ ಬಂದದ್ದೇ ತಡ, ಬಿಡಿಸುತ್ತಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಕೊನೆಕೊನೆಗೆ ಮೇಷ್ಟ್ರ ಬಾಯಲ್ಲಿ ಇದೇ ವಾಸನೆ ಇರುತ್ತಿತ್ತು...

ತಿ. ನರಸೀಪುರದ ಕಡೆ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು, ರಿಟೈರಾದ ಮೇಲೆ ನಂಜನಗೂಡಿಗೆ, ನಮ್ಮ ಹಿಂದಿನ ಬೀದಿಗೆ ಬಂದವರು. ಸುಮ್ಮನೆ ಕೂರುವ ಮನುಷ್ಯರಲ್ಲ. ಶುಗರ್, ಬಿಪಿ ಅಂತ ಡಾಕ್ಟರು ನಡೆಯಲು ಹೇಳಿದ್ದ ನಮ್ಮಂಥವರನ್ನೆಲ್ಲ ಸೇರಿಸಿ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ ನಡೆಸುತ್ತಿದ್ದರು. ನಾನು ಹೆಮ್ಮರಗಾಲದವಳು, ಗದ್ದೆ ಬದುವಿನ ಮೇಲೆ ನಡೆದೇ ಮುದುಕಿಯಾದವಳು. ನಡೆಯುವುದನ್ನು ಇನ್ನೊಬ್ಬರು ಕಲಿಸಬೇಕೇ ಅಂದುಕೊಂಡೇ ಹೋಗಿದ್ದೆ. ಕಲಿಸಿದರು. ಮೊದಲು ನಿಧಾನ, ನಡುವೆ ಬಿರುಸು, ಕೊನೆಗೆ ಮತ್ತೆ ನಿಧಾನ. ಗಕ್ಕನೆ ನಿಂತು ಕೂರುವ ಹಾಗಿಲ್ಲ. ಬಿರುಸಾಗಿ ನಡೆಯುವಾಗ ಸಾಲಿನ ಪಕ್ಕಕ್ಕೆ ಬಂದು "ಮನೇಲಿ ಏನು ತಿಂಡಿ?" ಅನ್ನುತ್ತಿದ್ದರು. ತಿಂಡಿಯ ಆಸೆಗಲ್ಲ. ಉತ್ತರ ಸಲೀಸಾಗಿ ಬಂದರೆ ಸರಿ, ಮಾತು ತುಂಡಾದರೆ ನಿಧಾನ ಮಾಡಿಸುತ್ತಿದ್ದರು. ಎದೆ, ದವಡೆ, ತೋಳು, ಎಲ್ಲಿ ಹಿಡಿದುಕೊಂಡರೂ ನಡಿಗೆ ಬಂದ್. ಯಾರಾದರೂ "ಗ್ಯಾಸು ಸಾ" ಅಂದರೆ ಸಿಟ್ಟು ಬರುತ್ತಿತ್ತು.

"ಗ್ಯಾಸೋ ಎದೆಯೋ ಅಂತ ಡಾಕ್ಟ್ರು ಹೇಳ್ಲಿ, ನೀವು ಹೇಳ್ಬೇಡಿ. ಅವರ ಚೀಟಿ ತಂದು ಆಮೇಲೆ ಗ್ರೌಂಡಿಗೆ ಕಾಲಿಡಿ."

ಆ ಕೊನೆಯ ಚಳಿಗಾಲದಲ್ಲಿ ಮೇಷ್ಟ್ರು ಸಾಲಿನ ಪಕ್ಕಕ್ಕೆ ಬರುವುದನ್ನು ಬಿಟ್ಟರು. ಬಾಯಲ್ಲಿ ಸೀಟಿ ಇಟ್ಟುಕೊಂಡು ಮುಂದೆ ಮುಂದೆ ನಡೆಯುತ್ತಿದ್ದರು. ಉದ್ದ ಊದಿದರೆ ಬಿರುಸು, ಚಿಕ್ಕಚಿಕ್ಕದಾಗಿ ಊದಿದರೆ ನಿಧಾನ. ಮೇಷ್ಟ್ರನ್ನು ದಾಟಿ ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ನಾವೆಲ್ಲ ನೋಡುತ್ತಿದ್ದದ್ದು ಅವರ ಬೆನ್ನು ಮಾತ್ರ. ಆ ಚಳಿಯಲ್ಲೂ ಬೆನ್ನಿನ ಅಂಗಿ ಒದ್ದೆಯಾಗಿರುತ್ತಿತ್ತು...

ಒಂದು ದಿನ ಹಿಂದಿನಿಂದಲೇ ಕೂಗಿ ಕೇಳಿದೆ. "ಮೇಷ್ಟ್ರೇ, ನಿಮ್ಮನೇಲಿ ಏನ್ ತಿಂಡಿ?"

ಸೀಟಿ ಬಾಯಿಂದ ತೆಗೆಯಲಿಲ್ಲ. ತಿರುಗದೆ ಕೈ ಎತ್ತಿ ಆಡಿಸಿದರು.

ಬ್ಯಾಂಕಿನಲ್ಲಿದ್ದು ರಿಟೈರಾದ ರಾಯರೊಬ್ಬರು ನನ್ನ ಹಿಂದೆ ಬರುತ್ತಿದ್ದರು. "ಏನಮ್ಮ, ಮೇಷ್ಟ್ರಿಗೇ ಪರೀಕ್ಷೆ ಇಡ್ತೀರಾ? ತಿಂಡಿ ಹೇಳಿದ್ರೆ ನೀವು ಊಟಕ್ಕೂ ಹೋಗಿ ಕೂರ್ತೀರಿ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ನಡಿಗೆ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋದೆ. ಅವತ್ತೂ ಓಮದ ಘಾಟು ಹೊಡೆಯಿತು.

"ಏನ್ ಮೇಷ್ಟ್ರೇ, ಓಮ ಅಗೀತಿದ್ದೀರಿ?"

"ಗ್ಯಾಸ್ ಕಣಮ್ಮ. ರಾತ್ರಿ ಅವರೆಕಾಳು ಜಾಸ್ತಿ ಆಯ್ತು."

"ದಿನಾಲೂ ಅವರೆಕಾಳಾ? ನಮಗಾದ್ರೆ ಚೀಟಿ ತನ್ನಿ ಅಂತೀರಿ, ನಿಮ್ ಚೀಟಿ ಎಲ್ಲಿ? ಮೊದ್ಲು ಡಾಕ್ಟ್ರ ತಾವ ಓಗಿ."

"ನಾನೇ ಆಸ್ಪತ್ರೇಲಿ ಕೂತ್ರೆ ನನ್ನ ನಂಬಿ ನಾಳೆ ಯಾರು ಬರ್ತಾರಮ್ಮ?" ಅಂದು ಸೈಕಲ್ ಹತ್ತಿದರು. ಹತ್ತುವ ಮುಂಚೆ ಹ್ಯಾಂಡಲ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಅದಾಗಿ ಬಹಳ ದಿನ ಆಗಿರಲಿಲ್ಲ. ಹೊಳೆ ಕಡೆಯಿಂದ ಮಂಜು ಬಂದು ಮೈದಾನವೇ ಕಾಣುತ್ತಿರಲಿಲ್ಲ. ಮೇಷ್ಟ್ರು ಮುಂದೆ ಎಲ್ಲೋ ಇದ್ದರು. ಸೀಟಿಯ ಸದ್ದು ಹಿಡಿದು ನಾವು ಹಿಂದೆ. ಉದ್ದನೆಯ ಸೀಟಿ ಬಂತು, ಬಿರುಸಾದೆವು. ಮೈ ಬಿಸಿಯಾಗುವ ಮುಂಚೆಯೇ ಚಿಕ್ಕಚಿಕ್ಕ ಸೀಟಿ ಬಂತು. ಹೇಳಿಕೊಟ್ಟ ಹಾಗೆ ನಿಧಾನ ಮಾಡಿದೆವು.

"ಇವತ್ತು ಬೇಗ ಬಿಟ್ರು" ಅಂತ ರಾಯರಿಗೆ ಖುಷಿ.

ಮತ್ತೊಂದು ಬಂತು. ಅದು ಊದಿದ್ದಲ್ಲ, ಉಸಿರು ತಾಕಿದ ಹಾಗಿತ್ತು. ಆಮೇಲೆ ಬರಲಿಲ್ಲ... ಉಳಿದವರು ಮುಂದಿನ ಸೀಟಿಗೆ ಕಾಯುತ್ತಾ ನಿಧಾನವಾಗಿ ನಡೆಯುತ್ತಲೇ ಇದ್ದರು. ನಾನು ಸಾಲು ಬಿಟ್ಟು ಮುಂದಕ್ಕೆ ಹೋದೆ. ಮೇಷ್ಟ್ರು ಗೋಲ್ ಕಂಬವನ್ನು ತಬ್ಬಿಕೊಂಡು ಕೂತಿದ್ದರು. ಸೀಟಿ ಹಲ್ಲಿನ ನಡುವೆ ಇತ್ತು. ಕಣ್ಣು ನನ್ನ ಕಡೆಗಿತ್ತು, ನೋಟ ಇರಲಿಲ್ಲ. ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆಯವರು ನೋಡಿ, ಮನೆಯವರಿಗೆ ಹೇಳಿಕಳಿಸಿ ಅಂದರು.

ಈಗ ಮನೆಯಲ್ಲಿ ಓಮದ ಡಬ್ಬಿ ತೆಗೆದರೆ, ಯಾರಿಗೆ, ಎಲ್ಲಿ ನೋವು ಅಂತ ಮೊದಲು ಕೇಳುತ್ತೇನೆ. ಸೊಸೆಗೆ ಬೇಸರ ಆಗುತ್ತದೆ, ಆಗಲಿ. ನಮ್ಮ ಉಸಿರನ್ನು ಅಷ್ಟು ಜೋಪಾನವಾಗಿ ನೋಡಿಕೊಂಡವರು ಆಮೇಲೆ ನಮಗೆ ಯಾರೂ ಸಿಗಲಿಲ್ಲ.

ಅವರು ಹೋದ ಮಾರನೆಯ ಬೆಳಿಗ್ಗೆ ನಾನು ಮೈದಾನಕ್ಕೆ ಹೋದೆ. ಬಂದಿದ್ದವರು, ಮುಂದೆ ಯಾರು ನಿಲ್ಲುವುದು ಅಂತ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. "ಯಾರೂ ಮುಂದೆ ಬ್ಯಾಡ. ಪಕ್ಕಪಕ್ಕ ನಡೀರಿ, ಮುಖ ಕಾಣ್ಬೇಕು" ಅಂದೆ. ಸ್ವಲ್ಪ ದೂರ ನಡೆದ ಮೇಲೆ ರಾಯರ ಕಡೆ ತಿರುಗಿ, "ನಿಮ್ಮನೇಲಿ ಏನ್ ತಿಂಡಿ?" ಅಂತ ಕೇಳಿದೆ. ರಾಯರು ಬಾಯಿ ತೆರೆದರು. ಮಾತು ತುಂಡಾಯಿತು. ನಡಿಗೆಯಿಂದಲ್ಲ ಅಂತ ಗೊತ್ತಿತ್ತು. ಆದರೂ ನಿಧಾನ ಮಾಡಿಸಿದೆ.