ಮಗು ಊರಿಗೆ ಹೋಗಿದೆ

ಮುಂಬಯಿಗೆ ಬಂದ ಹತ್ತೊಂಬತ್ತು ವರ್ಷಗಳಲ್ಲಿ ನಾನು ಕಲಿತ ಅತಿ ಉಪಯೋಗದ ಮಾತು ‘ಊರಿಗೆ ಹೋಗಿದ್ದಾರೆ’ ಎಂಬುದು. ಬಾಗಿಲಿಗೆ ಬೇಡದವರು ಯಾರು ಬಂದರೂ ಇದೊಂದನ್ನು ಹೇಳಿದರೆ ಸಾಕು. ಯಾವ ಊರು, ಯಾವಾಗ ವಾಪಸು ಎಂದು ಯಾರೂ ಕೇಳುವುದಿಲ್ಲ. ಈ ಶಹರದಲ್ಲಿ ಪ್ರತಿಯೊಬ್ಬರ ಬೆನ್ನಿಗೂ ಒಂದು ಊರು ಇರುವುದರಿಂದ ಕೇಳಿಸಿಕೊಂಡವರ ಮನಸ್ಸೂ ಮೆತ್ತಗಾಗುತ್ತದೆ. ಗಣಪತಿಯ ವಂತಿಗೆಯವರು, ಮತ ಕೇಳುವವರು, ಸೋಪಿನ ಪುಡಿ ಮಾರುವವರು, ಎಲ್ಲರನ್ನೂ ನಾನು ಈ ಮಾತಿನಿಂದಲೇ ಮರ್ಯಾದೆಯಾಗಿ ಮೆಟ್ಟಿಲು ಇಳಿಸಿದ್ದೇನೆ. ಕಳೆದ ವರ್ಷ ಇದೇ ಮಾತನ್ನು ಹನ್ನೊಂದು ತಿಂಗಳ ಕೂಸಿನ ಬಗ್ಗೆ ಹೇಳಿದೆ. ಆ ಕೂಸು ಆಗ ನನ್ನ ಬೆನ್ನ ಹಿಂದೆ, ಪರದೆಯ ಆಚೆ, ಚಮಚದಿಂದ ತಾಟು ಬಡಿಯುತ್ತ ಕೂತಿತ್ತು. ಅದು ನನ್ನ ತಂಗಿ ರೇಣುಕಾಳ ಮಗಳು, ಲಕ್ಷ್ಮಿ.

ಇಂಥ ಸುಳ್ಳು ಹೇಳುವ ಅಧಿಕಾರ ನನಗೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿನಲ್ಲಿ ನಾನು ಲಿಫ್ಟ್‌ಮನ್. ಐದು ಮಹಡಿ, ಏಳು ಡಾಕ್ಟರು. ಶಾಲೆಯಲ್ಲಿ ನಾನು ಐದನೇ ಇಯತ್ತೆ ದಾಟಲಿಲ್ಲ, ಲಿಫ್ಟಿನಲ್ಲೂ ಐದರ ಮೇಲೆ ಹೋಗಿಲ್ಲ. ಆದರೆ ದಿನವಿಡೀ ಡಾಕ್ಟರುಗಳ ಹೆಗಲಿಗೆ ಹೆಗಲು ತಾಗಿಸಿ ನಿಂತವನಿಗೆ ಏನೂ ಅಂಟದೆ ಇರುತ್ತದೆಯೇ? ಅಂಟಿತು. ಅಂಟಿದ್ದು ಮಾತಿನ ತುಂಡುಗಳು ಮಾತ್ರ. ಅವರ ಮಾತು ಕೆಳಗೆ ಶುರುವಾಗುತ್ತದೆ, ಮೂರನೇ ಮಹಡಿಯಲ್ಲಿ ಅವರ ಜೊತೆಗೇ ಇಳಿದು ಹೋಗುತ್ತದೆ. ಉಳಿದ ಅರ್ಧವನ್ನು ನಾನು ಜೋಗೇಶ್ವರಿಯ ತನಕ ಲೋಕಲ್‌ನಲ್ಲಿ ನಿಂತು ಸ್ವಂತವಾಗಿ ತಯಾರಿಸುತ್ತಿದ್ದೆ. ಚಾಳು ಮುಟ್ಟುವ ಹೊತ್ತಿಗೆ ಔಷಧ ಸಮೇತ ಸಿದ್ಧ. ಗಲ್ಲಿಯವರು ‘ಡಾಕ್ಟರ್ ಬಸಣ್ಣ’ ಎಂದು ಕರೆಯುವಾಗ ಅದರಲ್ಲಿ ನಂಬಿಕೆ ಎಷ್ಟು, ಚೇಷ್ಟೆ ಎಷ್ಟು ಎಂದು ನಾನು ತೂಗಿ ನೋಡಲಿಲ್ಲ.

ಚೇಷ್ಟೆ ಇಲ್ಲದೆ ನಂಬಿದವಳು ರೇಣುಕಾ ಒಬ್ಬಳೇ. ಎರಡು ಖೋಲಿ ಆಚೆ ಅವಳ ಸಂಸಾರ. ಗಂಡ ಕಾಂದಿವಲಿಯ ಸೈಟುಗಳಲ್ಲಿ ಟೈಲ್ಸ್ ಕೂರಿಸುತ್ತಾನೆ. ಲಕ್ಷ್ಮಿಗೆ ಒಂಬತ್ತು ತಿಂಗಳು ತುಂಬಿದಾಗ ಅವಳು ನನ್ನನ್ನು ಕೇಳಿದಳು.

“ಅಣ್ಣಾ, ಒಂಬತ್ತ ತಿಂಗಳದ ಸೂಜಿ ಮಾಡಸೂದೈತಿ. ಕೂಸಿಗೆ ನೆಗಡಿ ಆಗೇತಿ. ಕರ್ಕೊಂಡ ಹೋಗಲ್ಯಾ?”

“ನೆಗಡ್ಯಾಗ ಸೂಜಿ ಮಾಡಿಸಿದ್ರ ನೆಗಡಿ ಒಳಗ ಹೋಗಿ ಕೂಡತೈತಿ,” ಎಂದೆ.

ಒಳಗೆ ಎಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಜಾಗ ತೋರಿಸುತ್ತಿದ್ದೆ. ಸಣ್ಣ ನೆಗಡಿಗಾಗಿ ಆ ಸೂಜಿಯನ್ನು ಮುಂದೂಡಬೇಕಿಲ್ಲ ಎಂಬುದು ನನಗೆ ಆಮೇಲೆ ತಿಳಿದದ್ದು. ಚಾಳಿನ ಕೂಸುಗಳ ನೆಗಡಿಯಾದರೋ ಒಂದು ಹೋಗುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲುತ್ತದೆ. ಹೀಗೆ ಎರಡು ತಿಂಗಳು ಕಳೆಯಿತು.

ಹನ್ನೊಂದನೇ ತಿಂಗಳಲ್ಲಿ ಜವಳ ಬಂತು. ನಮ್ಮ ಕಡೆ ಕೂಸಿನ ಮೊದಲ ಕೂದಲು ಇಳಿಯುವುದು ಸೋದರಮಾವನ ತೊಡೆಯ ಮೇಲೆ. ಕೂಸಿನ ಜೀವನದಲ್ಲಿ ಮಾವನಿಗೆ ಇಂಥ ದೊಡ್ಡ ಕುರ್ಚಿ ಮತ್ತೆ ಸಿಗುವುದು ಮದುವೆಯಲ್ಲೇ. ನಾನು ಗಲ್ಲಿಗೆಲ್ಲ ಹೇಳಿಕೆ ಕೊಟ್ಟಿದ್ದೆ, ಜರಿಯ ಫ್ರಾಕು ತಂದಿದ್ದೆ, ಯಾವ ಕೋನದಿಂದ ಫೋಟೊ ತೆಗೆಯಬೇಕೆಂದು ಮೂವರಿಗೆ ತಿಳಿಸಿದ್ದೆ.

ಮೂರು ದಿನ ಮೊದಲು ಪೋಲಿಯೊ ಬಾಯಿ ಬಂದಳು. ಪೋಲಿಯೊ ಹನಿ ಹಾಕುತ್ತ ನಮ್ಮ ಗಲ್ಲಿಗೆ ಪರಿಚಯವಾದ ದವಾಖಾನೆಯ ಹೆಂಗಸು ಅವಳು. ಈಗ ಎಲ್ಲ ಸೂಜಿಗಳ ಲೆಕ್ಕವೂ ಅವಳ ವಹಿಯಲ್ಲಿ. ರೇಣುಕಾ ಕೆಳಗೆ ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದಳು, ಕೂಸು ನನ್ನ ವಶದಲ್ಲಿತ್ತು.

“ಮಾಮಾ, ಲಕ್ಷ್ಮೀ ಕಾ ಗೋವರ್ ಕಾ ಟೀಕಾ ಬಾಕಿ ಹೈ. ಕಿಧರ್ ಹೈ ಬಚ್ಚಿ?” ದಡಾರದ ಸೂಜಿ ಬಾಕಿ ಇದೆ, ಕೂಸು ಎಲ್ಲಿ ಎಂದು ಕೇಳಿದಳು.

ಸೂಜಿ ಎಂದರೆ ಜ್ವರ, ಜ್ವರ ಎಂದರೆ ಅಳು, ಅಳು ಎಂದರೆ ಫೋಟೊ ಹಾಳು. ಆ ಸೂಜಿಗೆ ಜ್ವರ ಬಂದರೂ ಸಾಮಾನ್ಯವಾಗಿ ವಾರದ ನಂತರ ಅಷ್ಟಿಷ್ಟು ಬಂದು ಹೋಗುತ್ತದಂತೆ. ಡಾಕ್ಟರ್ ಬಸಣ್ಣನಿಗೆ ಅದು ಗೊತ್ತಿರಲಿಲ್ಲ.

“ಬಚ್ಚಿ ಗಾಂವ್ ಗಯಿ,” ಎಂದೆ. ಕೂಸು ಊರಿಗೆ ಹೋಗಿದೆ.

ಪರದೆಯ ಹಿಂದೆ ತಾಟು ಢಣ್ ಎಂದಿತು. ಬಾಯಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಗಾಂವ್ ಸೇ ಆವಾಜ್ ಬಹುತ್ ಸಾಫ್ ಆ ರಹಾ ಹೈ, ಮಾಮಾ.”

ಊರಿನಿಂದ ಸದ್ದು ಬಹಳ ಸ್ಪಷ್ಟವಾಗಿ ಕೇಳಿಸುತ್ತಿದೆಯಂತೆ. ನಾನು ಬಾಗಿಲು ಮುಂದೆ ಮಾಡಿದೆ. ಅವಳು ಹೊರಗೆ ನಿಂತು ಏನೋ ಬರೆದುಕೊಂಡು ಹೋದಳು.

ಜವಳ ಚೆನ್ನಾಗಿ ಆಯಿತು. ಬಂದವರೆಲ್ಲ ಕೂಸನ್ನು ಎತ್ತಿ ಮುದ್ದಿಸಿದರು. ಕಾಂದಿವಲಿಯಿಂದ ಬಂದ ಒಂದು ಕುಟುಂಬದ ಚಿಕ್ಕ ಹುಡುಗಿ ಕೆಮ್ಮುತ್ತಿದ್ದಳು, ಮೂಗು ಸೋರುತ್ತಿತ್ತು. “ಕಣ್ಣ ಯಾಕ ಇಷ್ಟ ಕೆಂಪಗಾಗ್ಯಾವ?” ಎಂದು ಯಾರೋ ಕೇಳಿದರು. “ಸಿಮೆಂಟಿನ ಧೂಳ,” ಎಂದು ಕೂತಲ್ಲಿಂದಲೇ ನಿರ್ಣಯ ಕೊಟ್ಟೆ. ಫೋಟೊ ತುಂಬಿ ಕಾಣಲಿ ಎಂದು ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಎರಡು ದಿನದಲ್ಲಿ ಆ ಹುಡುಗಿಯ ಮೈಮೇಲೆ ದಡಾರ ಎದ್ದಿತು.

ನಮ್ಮ ಲಕ್ಷ್ಮಿಗೆ ಜವಳವಾದ ಹನ್ನೊಂದನೇ ದಿನ ಜ್ವರ ಬಂತು. ಆಮೇಲೆ ಕಿವಿಯ ಹಿಂದಿನಿಂದ ಕೆಂಪು ಗುಳ್ಳೆಗಳು ಶುರುವಾಗಿ ಮುಖಕ್ಕೆ, ಹೊಟ್ಟೆಗೆ, ಕಾಲಿಗೆ ಇಳಿದವು. ಡಾಕ್ಟರು ಮೀಸಲ್ಸ್ ಅನ್ನುತ್ತಾರೆ, ಗಲ್ಲಿಯವರು ಗೋವರ್, ನಮ್ಮ ಕಡೆ ಗೊಬ್ಬರ. ರೇಣುಕಾಳ ಅತ್ತೆ ಊರಿಂದ ಫೋನಿನಲ್ಲಿ ಹೇಳಿದ್ದು ಮಾತ್ರ ಬೇರೆ.

“ಅವ್ವ ಬಂದಾಳ. ನೀ ಏನರ ತಪ್ಪ ಮಾಡಿರಬೇಕ. ಮನ್ಯಾಗ ಒಗ್ಗರಣಿ ಹಾಕಬ್ಯಾಡ. ಕೂಸ ಎದ್ದ ಮ್ಯಾಲ ಬರಿಗಾಲಿಲೆ ಐದ ಮನಿ ಜೋಗ ಬೇಡ್ತೀನಂತ ಹರಕಿ ಹೊರು.”

ಅವ್ವ ಎಂದರೆ ಮೈಮೇಲೆ ಗುಳ್ಳೆಯಾಗಿ ಏಳುವ ದೇವಿ. ಜೋಗ ಎಂದರೆ ಮಾನ ಬಿಚ್ಚಿಟ್ಟು ಬುಟ್ಟಿ ಹಿಡಿದು ಐದು ಮನೆಯ ಬಾಗಿಲಲ್ಲಿ ಹಿಟ್ಟು ಬೇಡುವುದು. ರೇಣುಕಾ ತಕ್ಷಣ ಹರಕೆ ಹೊತ್ತಳು. ಕೂಸಿನ ಪಕ್ಕ ಕೂತು ತನ್ನ ತಪ್ಪು ಹುಡುಕತೊಡಗಿದಳು. “ಮಂಗಳವಾರ ತಲಿ ತೊಳ್ಕೊಂಡಿದ್ನಿ ಅಣ್ಣಾ, ಅದ ಇರಬೇಕ.” ನಾನು, ಇರಬಹುದು ಎಂಬಂತೆ ತಲೆ ಆಡಿಸಿದೆ. ಸ್ಟೇಷನ್ನಿನ ಆಚೆಗಿನ ಮರ ಹತ್ತಿ ಹೊರೆಗಟ್ಟಲೆ ಬೇವು ತಂದು ಬಾಗಿಲಿಗೆ ಕಟ್ಟಿದೆ. ತಪ್ಪು ಮಾಡಿದವನು ತರುವಷ್ಟು ಬೇವಿನ ಸೊಪ್ಪನ್ನು ಭಕ್ತರು ಕೂಡ ತರಲಾರರು.

ಗುಳ್ಳೆ ಎದ್ದ ಮೂರನೇ ದಿನ ಕೂಸು ಹಾಲು ಬಿಟ್ಟಿತು. ಉಸಿರಿಗೆ ಪಕ್ಕೆಲುಬು ಒಳಗೆ ಸೆಳೆಯುತ್ತಿದ್ದವು. ಅವ್ವ ಬಂದಾಗ ದವಾಖಾನೆಗೆ ಹೋಗಬಾರದು ಎಂದವರನ್ನೆಲ್ಲ ತಳ್ಳಿ ರೇಣುಕಾ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಹಾಗೆಂದವರಲ್ಲಿ ನಾನೂ ಒಬ್ಬ.

ನಿಮೋನಿಯಾ ಎಂದರು. ಬೇರೆ ಕೋಣೆಯಲ್ಲಿಟ್ಟು ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದರು, ಕಣ್ಣು ಉಳಿಯಲೆಂದು ‘ಎ’ ವಿಟಮಿನ್ ಕುಡಿಸಿದರು. ಅಂಗೈಯಷ್ಟಗಲದ ಆ ಎದೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ನಾವಿಬ್ಬರೂ ಗೋಡೆಗೆ ಆತು ನಿಂತೆವು. ಇದು ಎಲ್ಲಿಂದ ಬಂತು ಎಂದು ನಾನು ಕೇಳಿದಾಗ ಡಾಕ್ಟರಮ್ಮ ನನ್ನ ಉದ್ಯೋಗ ಕೇಳಿದರು.

“ಲಿಫ್ಟ್ ಮೇ ಕೋಯಿ ಖಾಂಸ್ ಕೇ ಉತರ್ ಗಯಾ, ಸಮಝೋ. ದೋ ಘಂಟೇ ತಕ್ ಉಸ್ಕಾ ಗೋವರ್ ತುಮ್ಹಾರೇ ಸಾಥ್ ಊಪರ್-ನೀಚೇ ಕರೇಗಾ.”

ಯಾರೋ ಕೆಮ್ಮಿ ಇಳಿದು ಹೋದ ಮೇಲೂ ಎರಡು ತಾಸು ಅವರ ದಡಾರ ಲಿಫ್ಟಿನಲ್ಲಿ ನನ್ನ ಜೊತೆ ಮೇಲೆ ಕೆಳಗೆ ಓಡಾಡುತ್ತದಂತೆ. ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಅದು ಹರಡಲು ಶುರುಮಾಡುತ್ತದಂತೆ. ಇಷ್ಟು ವರ್ಷ ನಾನು ಬರೀ ಮನುಷ್ಯರನ್ನು ಹೊತ್ತು ತಿರುಗಿದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ಎರಡನೇ ಪ್ರಶ್ನೆ ಕೇಳಿದರು. ಟೀಕಾ ಯಾಕೆ ಹಾಕಿಸಲಿಲ್ಲ?

“ಓ ಬಾಯಿ ಆಯೀಚ್ ನಹೀ,” ಎಂದಳು ರೇಣುಕಾ, ಬಾಯಿ ಬರಲೇ ಇಲ್ಲ ಎಂದು. ನೆಗಡಿ ವಾಸಿಯಾದ ಮೇಲೆ ಬಾಯಿ ಬಂದರೆ ಹಾಕಿಸೋಣ ಎಂದು ನಾನೇ ಅವಳಿಗೆ ಹೇಳಿದ್ದೆ, ಅವಳು ಕಾದಿದ್ದಳು.

ಬಾಯಿ ಅಲ್ಲೇ ಇದ್ದಳು. ಗಲ್ಲಿಯಲ್ಲಿ ದಡಾರ ಎದ್ದ ಸುದ್ದಿ ಬರೆದುಕೊಳ್ಳಲು ಬಂದಿದ್ದವಳು ಸಿಟ್ಟಾಗಲಿಲ್ಲ. ವಹಿ ತೆರೆದಳು. ಇಂಥ ಗಳಿಗೆಯಲ್ಲಿ ಅಪರಾಧಿ ತಾನಾಗಿಯೇ ಮುಂದೆ ಬಂದು ಒಪ್ಪಿಕೊಂಡ ಎಂದು ಬರೆಯಲು ನನಗೂ ಆಸೆ. ನಾನು ತುಟಿ ತೆರೆದಿದ್ದೂ ನಿಜ. ಆದರೆ ವಹಿ ನನಗಿಂತ ಚುರುಕಾಗಿತ್ತು.

“ಬಚ್ಚಿ ಗಾಂವ್ ಗಯಿ. ಬತಾಯಾ ಕಿಸ್ನೇ, ಮಾಮಾ ನೇ.” ಹೇಳಿದವರು ಯಾರು, ಮಾಮಾ.

ರೇಣುಕಾ ನನ್ನ ಕಡೆ ತಿರುಗಿದಳು. “ಯಾ ಊರಿಗೆ ಹೋಗಿದ್ಳೋ ಅಣ್ಣಾ?”

ಹತ್ತೊಂಬತ್ತು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಆಮೇಲೆ ಆಸ್ಪತ್ರೆಯಲ್ಲಿ ಅವಳು ನನ್ನೊಂದಿಗೆ ಆಡಿದ್ದು ನೀರಿನ ಬಾಟಲಿ, ಟವೆಲು, ಚೀಟಿ, ಇಷ್ಟೇ. ಕರೆಯುವಾಗ ಹೆಸರೂ ಇಲ್ಲ, ಅಣ್ಣನೂ ಇಲ್ಲ.

ಆರನೇ ದಿನ ಲಕ್ಷ್ಮಿಯ ನಳಿಗೆ ತೆಗೆದರು. ಮನೆಗೆ ಬಂದು ಬೇವಿನ ನೀರಿನ ಸ್ನಾನವಾದ ಮೇಲೆ ರೇಣುಕಾ ಜೋಗದ ಬುಟ್ಟಿಯನ್ನು ತಂದು ನನ್ನ ಮುಂದೆ ಇಟ್ಟಳು.

“ಈ ಹರಕಿ ನಿಂದು. ಚಪ್ಪಲ್ ಬಿಡು. ಹಿಟ್ಟ ಬ್ಯಾಡ. ಸಣ್ಣ ಕೂಸ ಇದ್ದ ಐದ ಮನಿಗೆ ಹೋಗಿ ಸೂಜಿ ಕಾರ್ಡ್ ಬೇಡು. ಯಾರ್ದ ಬಾಕಿ ಐತಿ, ಅವರಿಗೆ ನೀ ಮಾಡಿದ್ದ ಹೇಳು.”

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಬಂದಳು. ಮೊದಲ ಮನೆಯಲ್ಲಿ ನಕ್ಕರು. “ಏನ್ ಡಾಕ್ಟರ, ಭಿಕ್ಷಾಕ್ಕ ಇಳದ್ರಿ?” ನಕ್ಕರೂ ಕಾರ್ಡು ತೋರಿಸಿದರು, ಎಲ್ಲ ಸರಿಯಾಗಿತ್ತು. ಎರಡನೆಯ ಮನೆಯವನು ಕೂಸು ಊರಿಗೆ ಹೋಗಿದೆ ಎಂದ. ಯಾವ ಊರು ಎಂದೆ. ಅವನು ಬೋರಿವಲಿಯ ದಿಕ್ಕಿಗೆ ಕೈ ಬೀಸಿದ. ನಾನು ಹೊಸ್ತಿಲ ಮುಂದೆ ಕೂತು ನನ್ನ ಕಥೆ ಶುರುಮಾಡಿದೆ. ಮುಗಿಯುವ ಮೊದಲೇ ಊರಿಗೆ ಹೋದ ಕೂಸು ಅಂಬೆಗಾಲಿಟ್ಟು ಹೊರಬಂತು. ಮೂರನೆಯ ಮನೆಯ ತಾಯಿ ಕೇಳಿದಳು, “ನಮ್ಮದಕ್ಕ ವರ್ಷ ದಾಟೇತಿ. ತಡ ಆದ್ರೂ ನಡೀತೈತೇನ್ರಿ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ಎಂದಿನಂತೆ ಸ್ವಂತ ತಯಾರಿಕೆಯದು. ಅದನ್ನು ನುಂಗಿದೆ.

“ನನಗ ಗೊತ್ತಿಲ್ಲ. ಬಾಯೀನ ಕೇಳೂಣು.”

ಈ ಮಾತು ಹೇಳಲು ಎಷ್ಟು ಹಗುರ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಗಲ್ಲಿ ನನ್ನಿಂದ ಬಚಾವಾಗುತ್ತಿತ್ತು. ಫೋನು ಹಚ್ಚಿದೆವು. ತಡವಾದರೂ ನಡೆಯುತ್ತದೆ, ಬಿಡುವುದೇ ನಡೆಯದ್ದು ಎಂದಳು ಬಾಯಿ. ನಾಲ್ಕನೆಯ ಮನೆಯಲ್ಲಿ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಕೆ ಕೂಡ ಹಾಕಿದ್ದರು.

“ಐದನೇದು?” ಎಂದು ನಾನು ತಿರುಗಿದೆ. ರೇಣುಕಾ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. “ವೈನೀ, ಮಲ್ಲುನ ಕಾರ್ಡ್ ತಗೀರಿ.”

ಹೆಂಡತಿ ಟ್ರಂಕಿನ ತಳದಿಂದ ನಮ್ಮ ಎರಡೂವರೆ ವರ್ಷದ ಮಗನ ಕಾರ್ಡು ತೆಗೆದಳು. ದಡಾರದ ಮೊದಲ ಸೂಜಿಗೆ ಗುರುತಿತ್ತು. ಒಂದೂವರೆ ವರ್ಷದ ಹೊತ್ತಿಗೆ ಆಗಬೇಕಿದ್ದ ಎರಡನೆಯದರ ಜಾಗ ಖಾಲಿ.

“ಒಮ್ಮೆ ಮಾಡಿಸಿದ್ರ ಜೀವಮಾನಕ್ಕ ಸಾಕ ಅಂತ ನೀವ ಅಂದಿದ್ರೆಲ,” ಎಂದಳು ಹೆಂಡತಿ.

ಅಂದಿದ್ದೆ. ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳುವುದಾದರೆ, ಮನೆಯವರಿಗೆ ಒಂದು ಸಲಹೆ ಹೊರಗಿನವರಿಗೆ ಇನ್ನೊಂದು ಎಂದು ನಾನು ಎಂದೂ ಭೇದ ಮಾಡಿದವನಲ್ಲ.

ಮರುದಿನ ಬೆಳಿಗ್ಗೆ ದವಾಖಾನೆಯಲ್ಲಿ ಮಲ್ಲುವನ್ನು ಯಾರು ಹಿಡಿಯಬೇಕೆಂಬ ಪ್ರಶ್ನೆ ಬಂದಾಗ ರೇಣುಕಾ ಅವನನ್ನು ತೊಡೆಯ ಮೇಲೆ ಎಳೆದುಕೊಂಡಳು. ಬಾಯಿ ಸೂಜಿ ಎತ್ತಿದಳು. ಮಲ್ಲು ಕಿರುಚಿದ. ನಾನು ಗೋಡೆಯ ಕಡೆ ತಿರುಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಯಾರೋ ನನ್ನ ಅಂಗಿಯ ತೋಳು ಜಗ್ಗಿದರು.

“ಕಣ್ಣ ತಗೀಯೋ ಅಣ್ಣಾ. ಹುಡುಗ ಅಳೂದ ಬಿಟ್ಟ ಭಾಳ ಹೊತ್ತಾತು.”